‘ರೋಮಿಯೋ ಅಂಡ್ ಜೂಲಿಯೆಟ್’ ದುರಂತಕ್ಕೆ ಫ್ರಯರ್ (ಕ್ರೈಸ್ತ ಸನ್ಯಾಸಿ) ಲಾರೆನ್ಸ್ ಒಬ್ಬನೇ ಹೊಣೆ ಎಂದು ಪ್ರಬಂಧದಲ್ಲಿ ವಾದಿಸಬಹುದೇ?

ವಾದಿಸಬಹುದು. ಬಿ.ಎ. ಕೊನೆಯ ವರ್ಷದ ವಿಚಾರಗೋಷ್ಠಿಯಲ್ಲಿ ನಾನೂ ಹಾಗೆಯೇ ವಾದಿಸಿ ಮುಗ್ಗರಿಸಿದ್ದೆ. ಗುಟ್ಟಾಗಿ ಮದುವೆ ಮಾಡಿಸಿದವನು ಅವನು, ಹುಡುಗಿಯನ್ನು 42 ಗಂಟೆ ಹೆಣದಂತೆ ಮಲಗಿಸುವ ಔಷಧ ಕೊಟ್ಟವನು ಅವನು, ಆದ್ದರಿಂದ ಕೊಂದವನೂ ಅವನೇ ಎಂಬುದು ನನ್ನ ತರ್ಕವಾಗಿತ್ತು.

ನನ್ನ ತಪ್ಪೇನೆಂದರೆ, ನಾಟಕವನ್ನು ಮೂರನೆಯ ಅಂಕದವರೆಗೆ ಮಾತ್ರ ಓದಿ, ಉಳಿದದ್ದಕ್ಕೆ ಗೈಡಿನ ಸಾರಾಂಶವನ್ನು ನೆಚ್ಚಿಕೊಂಡದ್ದು. ಅದರಲ್ಲಿ, ಜೂಲಿಯೆಟ್ ಸತ್ತಿಲ್ಲ, ಔಷಧದಿಂದ ಮಲಗಿದ್ದಾಳೆ ಎಂದು ತಿಳಿಸಬೇಕಿದ್ದ ಪತ್ರ ರೋಮಿಯೋನ ಕೈಸೇರಲಿಲ್ಲ ಎಂದಷ್ಟೇ ಇತ್ತು. ಅಪರಾಧಿಯನ್ನು ಮೊದಲೇ ನಿಶ್ಚಯಿಸಿಕೊಂಡಿದ್ದ ನಾನು ಅದನ್ನು ‘ಲಾರೆನ್ಸ್ ಪತ್ರವನ್ನೇ ಕಳುಹಿಸಲಿಲ್ಲ’ ಎಂದು ತಿರುಚಿಬಿಟ್ಟೆ. ತಿರುಚುತ್ತಿದ್ದೇನೆ ಎಂಬ ಅರಿವೂ ನನಗಿರಲಿಲ್ಲ. ವಾದಕ್ಕೆ ಬೇಕಾದದ್ದೇ ಕಣ್ಣಿಗೆ ಬಿದ್ದಿತ್ತು. ಪ್ರಬಂಧ ಓದಿ ಮುಗಿಸಿದಾಗ ಅಧ್ಯಾಪಕರು ಏನೂ ಹೇಳದೆ ಪುಸ್ತಕವನ್ನು ಮುಂದೆ ಚಾಚಿ, ಐದನೆಯ ಅಂಕದ ಎರಡನೆಯ ದೃಶ್ಯವನ್ನು ಗಟ್ಟಿಯಾಗಿ ಓದಿಸಿದರು. ಮೂವತ್ತು ಸಾಲಿನಷ್ಟು ಪುಟ್ಟ ದೃಶ್ಯ ಅದು. ಪತ್ರ ಒಯ್ಯಬೇಕಿದ್ದ ಫ್ರಯರ್ ಜಾನ್, ಜೊತೆಗೆ ಬರಲೆಂದು ರೋಗಿಗಳ ಆರೈಕೆಯಲ್ಲಿದ್ದ ಇನ್ನೊಬ್ಬ ಸನ್ಯಾಸಿಯನ್ನು ಹುಡುಕಿಕೊಂಡು ಹೋಗುತ್ತಾನೆ; ಅವರಿದ್ದ ಮನೆಗೆ ಸೋಂಕು ತಗುಲಿದೆಯೆಂಬ ಅನುಮಾನದಿಂದ ಊರ ಕಾವಲಿನವರು ಬಾಗಿಲು ಜಡಿದು ಇಬ್ಬರನ್ನೂ ಒಳಗೇ ಇರಿಸುತ್ತಾರೆ. ಭಯದಿಂದಾಗಿ ಆ ಪತ್ರವನ್ನು ಹಿಂದಿರುಗಿಸಲು ಸಹ ಯಾರೂ ಒಪ್ಪುವುದಿಲ್ಲ. ಪ್ಲೇಗಿಗೆ ಹೆದರಿ ಊರಾಚೆ ಗುಡಿಸಲು ಹಾಕಿಕೊಂಡವರ ಕತೆ ಕೇಳಿ ಬೆಳೆದ ನನಗೆ ಇದು ಥಟ್ಟನೆ ಅರ್ಥವಾಗಬೇಕಿತ್ತು, ಓದಿದ್ದರೆ.

ಹಾಗೆಂದು ಲಾರೆನ್ಸನನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಅವನ ಮೇಲಿನ ನಿಜವಾದ ಆರೋಪ ಮದುವೆಯದ್ದೂ ಅಲ್ಲ, ಔಷಧದ್ದೂ ಅಲ್ಲ. ಗಡೀಪಾರಾದ ರೋಮಿಯೋನನ್ನು ಮ್ಯಾಂಟುವಾ ನಗರಕ್ಕೆ ಕಳುಹಿಸುವಾಗ, ಸುದ್ದಿಯನ್ನು ನಿನ್ನ ಸೇವಕನ ಮೂಲಕವೇ ಮುಟ್ಟಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ನಾಲ್ಕನೆಯ ಅಂಕದಲ್ಲಿ ಅದನ್ನು ಬಿಟ್ಟು ಸನ್ಯಾಸಿಯೊಬ್ಬನನ್ನು ಕಳುಹಿಸುವುದಾಗಿ ಜೂಲಿಯೆಟ್‌ಗೆ ಹೇಳುತ್ತಾನೆ. ಇತ್ತ ಏನೂ ತಿಳಿಯದ ಸೇವಕ ಬಾಲ್ತಸಾರ್, ಅವಳನ್ನು ಸಮಾಧಿಯಲ್ಲಿ ಮಲಗಿಸಿದ್ದನ್ನು ಕಣ್ಣಾರೆ ಕಂಡು ಮ್ಯಾಂಟುವಾಕ್ಕೆ ಧಾವಿಸುತ್ತಾನೆ. ಫ್ರಯರ್ ಪತ್ರವೇನಾದರೂ ಕೊಟ್ಟನೇ ಎಂದು ರೋಮಿಯೋ ಅವನನ್ನು ಎರಡು ಸಲ ಕೇಳುತ್ತಾನೆ. ಇಲ್ಲ ಎಂಬ ಉತ್ತರ ಬಂದ ಮೇಲೆಯೇ ಅವನು ವಿಷ ಹುಡುಕುವುದು. ಸಮಾಧಿಯಲ್ಲಿ ಸದ್ದು ಕೇಳಿದೊಡನೆ, ಆಗಷ್ಟೇ ಎಚ್ಚೆತ್ತ ಹುಡುಗಿಯನ್ನು ಹೆಣಗಳ ನಡುವೆ ಬಿಟ್ಟು ಲಾರೆನ್ಸ್ ಓಡಿಹೋದದ್ದನ್ನಂತೂ ನಾನು ಇಂದಿಗೂ ಕ್ಷಮಿಸಿಲ್ಲ.

ಆದರೂ ನಿಮ್ಮ ಪ್ರಶ್ನೆಯಲ್ಲಿರುವ ‘ಒಬ್ಬನೇ’ ಎಂಬ ಪದವನ್ನು ಹೊಡೆದುಹಾಕಿ. ಮಗಳು ಕ್ಷಮೆ ಕೇಳಿದ ಸಂತೋಷಕ್ಕೆ ಜೂಲಿಯೆಟ್‌ಳ ತಂದೆ ಕ್ಯಾಪುಲೆಟ್, ಪ್ಯಾರಿಸ್ ಎಂಬವನೊಡನೆ ತಾನು ಗೊತ್ತುಮಾಡಿದ್ದ ಗುರುವಾರದ ಮದುವೆಯನ್ನು ಬುಧವಾರಕ್ಕೆ ಎಳೆದು, ಆ ಪತ್ರಕ್ಕಿದ್ದ ಒಂದು ದಿನವನ್ನು ನುಂಗಿದ. ವಿಧಿಯ ಬಗ್ಗೆ ಒಂದು ಪ್ಯಾರಾ ಸಾಕು, ಅದನ್ನು ಎಲ್ಲರೂ ಬರೆಯುತ್ತಾರೆ. ಅದಕ್ಕಿಂತ ಕತೆ ನಡೆಯುವ ವೆರೋನಾ ನಗರದ ಅರಸನ ಕೊನೆಯ ಮಾತುಗಳನ್ನು ನೋಡಿ: ಲಾರೆನ್ಸ್ ಎಲ್ಲವನ್ನೂ ಒಪ್ಪಿಕೊಂಡು ಶಿಕ್ಷೆಗೆ ತಲೆಯೊಡ್ಡಿದಾಗ, ನಿನ್ನನ್ನು ಸಜ್ಜನನೆಂದೇ ಬಲ್ಲೆವು ಎನ್ನುವ ಅವನು, ರೋಮಿಯೋ ಮತ್ತು ಜೂಲಿಯೆಟ್‌ರ ಎರಡು ಮನೆತನಗಳ ಜಗಳವನ್ನು ಕಂಡೂ ಕಾಣದಂತಿದ್ದುದಕ್ಕೆ ತಾನೂ ಇಬ್ಬರು ಬಂಧುಗಳನ್ನು ಕಳೆದುಕೊಂಡೆ ಎನ್ನುತ್ತಾನೆ. ಆ ವರ್ಷ ಅಂತರ ಕಾಲೇಜು ಗೋಷ್ಠಿಗೆ ನನ್ನ ಬದಲು ಆಯ್ಕೆಯಾದ ಸಹಪಾಠಿಯ ಪ್ರಬಂಧವಿಡೀ ಈ ಒಂದು ಮಾತಿನ ಮೇಲಿತ್ತು.