ಓದುಗರ ಪ್ರಶ್ನೆ: ವರ್ತಕರ ಮನೆಯಲ್ಲಿ ಏನು ನೋಡಬೇಕು?

ಪ್ರಶ್ನೆ: ಮ್ಯೂಸಿಯಂ ಮಾಡಿರುವ ಹಳೆಯ ವರ್ತಕರ ಮನೆಗಳಿಗೆ ಹೋದಾಗ ಮಂಚ, ಕನ್ನಡಿ, ಪಿಂಗಾಣಿ ನೋಡಿ ಅರ್ಧ ಗಂಟೆಯಲ್ಲೇ ಹೊರಬರುತ್ತೇವೆ. ಇನ್ನೇನು ನೋಡಬೇಕು?

ಉತ್ತರ: ಮಂಚ, ಕನ್ನಡಿ ಕೊನೆಗಿರಲಿ. ಸರಕು ಯಾವ ದಾರಿಯಲ್ಲಿ ಬಂತು, ಎಲ್ಲಿ ಕೂತಿತು, ಎಲ್ಲಿ ಮಾರಾಟವಾಯಿತು ಎಂದು ಹುಡುಕುತ್ತಾ ಹೋಗಿ. ಆಗ ಇಡೀ ಮನೆಯೇ ಬೇರೆಯಾಗಿ ಕಾಣುತ್ತದೆ.

ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆ ಮನೆಗಳಾದರೆ ಮೊದಲು ಎದುರು ದಂಡೆಯಲ್ಲಿ ನಿಂತು ತಲೆಯೆತ್ತಿ. ಮುಂಗೋಡೆಯ ತುದಿಯಲ್ಲಿ ಕೊಕ್ಕೆಯುಳ್ಳ ತೊಲೆಯೊಂದು ಹೊರಚಾಚಿರುತ್ತದೆ. ಒಳಗಿನ ಮೆಟ್ಟಿಲು ಕಿರಿದಾದ್ದರಿಂದ, ಆ ತೊಲೆಗೆ ರಾಟೆ ಕಟ್ಟಿ ಮೂಟೆಗಳನ್ನು ಹೊರಗಿನಿಂದಲೇ ಅಟ್ಟಕ್ಕೆ ಎಳೆಯುತ್ತಿದ್ದರು. ಗೋಡೆ ಬೀದಿಯತ್ತ ಬಾಗಿದ್ದರೆ ಕುಸಿಯುತ್ತಿದೆ ಎಂದೇ ಭಾವಿಸಬೇಡಿ. ಮೇಲೇರುವ ಮೂಟೆ ಕಿಟಕಿಗೆ ಬಡಿಯದಿರಲೆಂದು ಬೇಕೆಂದೇ ಹಾಗೆ ಕಟ್ಟುತ್ತಿದ್ದರು.

ವಿಯೆಟ್ನಾಂನ ಹೊಯ್ ಆನ್‌ನಲ್ಲಿರುವ ತಾನ್ ಕೀ ಮನೆಯ ಮುಂಬಾಗಿಲು ಬೀದಿಗೆ, ಹಿಂಬಾಗಿಲು ಹೊಳೆಯ ಕಡೆಗೆ. ಗೋಡೆಯ ಮೇಲೆ ನೆರೆಯ ಮಟ್ಟದ ಗುರುತುಗಳಿವೆ. ಅವನ್ನು ನೋಡಿದ ಮೇಲೆ ಮೇಲಂತಸ್ತಿನ ನೆಲದಲ್ಲಿ ಬಿಟ್ಟಿರುವ ತೆರಪನ್ನು ಹುಡುಕಿ: ನೀರೇರಿದಾಗ ಸರಕನ್ನು ಅದರ ಮೂಲಕ ಮೇಲಕ್ಕೆತ್ತುತ್ತಿದ್ದರು.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಜಾನ್ ಫೋರ್ಟಿನ್ ಎಂಬ ವರ್ತಕ 1290ರ ಸುಮಾರಿಗೆ ಕಟ್ಟಿಸಿದ ಮನೆಯಿದೆ. ಅಲ್ಲಿ ಅಂಗಡಿ ಬೀದಿಗೆ ಮುಖಮಾಡಿದೆ. ಅದರ ಕೆಳಗೆ ದ್ರಾಕ್ಷಾರಸ ಇಡುತ್ತಿದ್ದ ಕಮಾನಿನ ನೆಲಮಾಳಿಗೆ. ಇಂಥ ಮನೆಗಳಲ್ಲಿ ನೆಲಮಾಳಿಗೆ ಬಿಟ್ಟು ಬರುವುದು ದೊಡ್ಡ ನಷ್ಟ. ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಂಪು ಇರುವುದರಿಂದ ಬೆಲೆಬಾಳುವ ಪೀಪಾಯಿಗಳಿಗೆ ಅದೇ ತಕ್ಕ ಜಾಗ.

ಪ್ರಶ್ನೆ: ಕೋಣೆಗಳನ್ನು ಅಷ್ಟು ಮಬ್ಬಾಗಿ ಇಡುವುದೇಕೆ?

ಉತ್ತರ: ರೇಷ್ಮೆ, ಬಣ್ಣದ ಬಟ್ಟೆ, ಲೆಕ್ಕದ ಪುಸ್ತಕಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕನ್ನಷ್ಟೇ ಬಿಡುತ್ತಾರೆ. ಬೆಳಕಿನ ಹಾನಿ ದಿನದಿನಕ್ಕೂ ಕೂಡುತ್ತಲೇ ಹೋಗುತ್ತದೆ, ಮಾಸಿದ ಬಣ್ಣ ಮರಳುವುದಿಲ್ಲ. ಬಿಸಿಲಿನಿಂದ ನೇರವಾಗಿ ಅಲ್ಲಿಗೆ ನುಗ್ಗಬೇಡಿ. ಐದು-ಹತ್ತು ನಿಮಿಷ ಹಜಾರದಲ್ಲಿ ಕಳೆದು, ಮೊಬೈಲ್ ಜೇಬಿನಲ್ಲಿಟ್ಟು ಹೋದರೆ ನೇಯ್ಗೆಯ ಎಳೆಯೂ ಕಾಣುತ್ತದೆ.

ಪ್ರಶ್ನೆ: ಮೊಣಕಾಲು ನೋವಿರುವ ತಾಯಿಯವರನ್ನು ಕರೆದೊಯ್ಯಬಹುದೇ?

ಉತ್ತರ: ಎಷ್ಟು ಮಹಡಿ, ಲಿಫ್ಟ್ ಇದೆಯೇ ಎಂದು ಮೊದಲೇ ವಿಚಾರಿಸಿ. ಹಳೆಯ ಮೆಟ್ಟಿಲುಗಳ ಎತ್ತರ ಒಂದೊಂದಕ್ಕೂ ಬೇರೆ, ಎಷ್ಟೋ ಕಡೆ ಪಾದ ಪೂರ್ತಿ ಊರುವುದಿಲ್ಲ. ತುಂಬಾ ಕಡಿದಾಗಿದ್ದರೆ ಇಳಿಯುವಾಗ ಮೆಟ್ಟಿಲಿಗೆ ಮುಖಮಾಡಿ, ಬದಿಯ ಕಂಬಿ ಬಿಡದೆ ಹಿಮ್ಮುಖವಾಗಿ ಇಳಿಯಲಿ. ನೀವು ಎರಡು ಮೆಟ್ಟಿಲು ಕೆಳಗಿರಿ. ಬೆನ್ನಚೀಲವನ್ನು ಬಾಗಿಲಲ್ಲೇ ಬಿಡಿ. ಅಟ್ಟ ಹತ್ತಲಾಗದಿದ್ದರೂ ಅಂಗಡಿ, ಅಂಗಳ, ಲೆಕ್ಕದ ಕೋಣೆ ಹೆಚ್ಚಾಗಿ ಕೆಳಗೇ ಇರುತ್ತವೆ.