ಶ್ವಾಸಕೋಶದ ಉರಿಯೂತ ಯಾವುದು, ಕಲೆ ಯಾವುದು ಎಂದು ಪೆಟ್ ಸ್ಕ್ಯಾನ್ ಹೇಳುತ್ತದೆಯೇ?

ತಂದೆಯವರ ಎಚ್‌ಆರ್‌ಸಿಟಿಯಲ್ಲಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಕಲೆಗಟ್ಟಿರುವುದು ಕಂಡಿದೆ, ಅದರಲ್ಲಿ ಉರಿಯೂತ ಎಷ್ಟು, ಗಟ್ಟಿಯಾದ ಕಲೆ ಎಷ್ಟು ಎಂಬುದು ಪೆಟ್‌ನಲ್ಲಿ ಗೊತ್ತಾಗುತ್ತದೆಯೇ ಎಂದು ಕೇಳಿದ್ದೀರಿ. ಅರ್ಧ ಗೊತ್ತಾಗುತ್ತದೆ.

ಮಾಮೂಲಿ ಪೆಟ್‌ಗೆ ಕೊಡುವ ಎಫ್‌ಡಿಜಿ, ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್‌ನಂಥ ವಸ್ತು. ಉರಿಯೂತದ ರೋಗನಿರೋಧಕ ಕಣಗಳಾದ ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್‌ಗಳು ಅದನ್ನು ಹೀರಿಕೊಂಡು ಹೊಳೆಯುತ್ತವೆ. ಆದರೆ ಕಲೆ ಕಟ್ಟುತ್ತಿರುವ ಫೈಬ್ರೋಬ್ಲಾಸ್ಟ್ ಜೀವಕೋಶಗಳಿಗೂ ಸಕ್ಕರೆ ಬೇಕು. ಕ್ಷಯ, ಕ್ಯಾನ್ಸರ್ ಕೂಡ ಹೊಳೆಯುತ್ತವೆ. ಉರಿಯೂತದ ಪುಟ್ಟ ಗಂಟುಗಳು ಕಟ್ಟುವ ಸಾರ್ಕಾಯ್ಡೋಸಿಸ್ ಕಾಯಿಲೆಯಲ್ಲಿ ಈ ಹೊಳಪು ನಿಜಕ್ಕೂ ಉಪಯುಕ್ತ. ಕಾರಣ ತಿಳಿಯದೆ ಶ್ವಾಸಕೋಶ ಕಲೆಗಟ್ಟುವ ಐಪಿಎಫ್‌ನಲ್ಲಿ ಮಾತ್ರ, ಜೇನುಗೂಡಿನಂತಾದ ಜಾಗ ಹೊಳೆಯಿತೆಂದು ಸ್ಟಿರಾಯ್ಡ್ ಶುರುಮಾಡುವುದು ಅಪಾಯ: 2012ರಲ್ಲಿ ಪ್ರಕಟವಾದ ಪ್ಯಾಂಥರ್ ಎಂಬ ಔಷಧ ಪ್ರಯೋಗದಲ್ಲಿ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್, ಅಜಥಯೋಪ್ರಿನ್, ಎನ್-ಅಸಿಟೈಲ್‌ಸಿಸ್ಟೀನ್ ಮೂರನ್ನೂ ಕೊಟ್ಟವರಲ್ಲಿ ಸಾವು, ಆಸ್ಪತ್ರೆ ಸೇರುವಿಕೆ ಎರಡೂ ಹೆಚ್ಚಿದವು.

ವರದಿಯಲ್ಲಿ ಹೊಳಪಿನ ಅಳತೆಯಾಗಿ ಕೊಡುವ ಎಸ್‌ಯುವಿ ಸಂಖ್ಯೆಯನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಕಾರಣ, ಗಾಳಿ. ಸಿಟಿಯಲ್ಲಿ -700 ಎಚ್‌ಯು (ಸಾಂದ್ರತೆಯ ಅಳತೆ) ಇರುವ ಜಾಗದ 1 ಮಿ.ಲೀ.ನಲ್ಲಿ ಅಂಗಾಂಶ ಮತ್ತು ರಕ್ತ ಸೇರಿ ಸುಮಾರು 0.3 ಪಾಲು, ಉಳಿದದ್ದೆಲ್ಲ ಗಾಳಿ. ಕಲೆಗಟ್ಟಿ -300ಕ್ಕೆ ಬಂದರೆ ಅದು 0.7 ಪಾಲು. ಜೀವಕೋಶಗಳು ಒಂದಿಷ್ಟೂ ಹೆಚ್ಚು ಸಕ್ಕರೆ ಹೀರದಿದ್ದರೂ ಸಂಖ್ಯೆ ಎರಡು ಪಟ್ಟು ದಾಟುತ್ತದೆ! ಎಸ್‌ಯುವಿಯನ್ನು ಆ ಪಾಲಿನಿಂದ ಭಾಗಿಸಿ ನೋಡಿದಾಗಲೇ ಹೋಲಿಕೆಗೆ ಅರ್ಥ. ಇನ್ನೊಂದು ತೊಡಕು ಉಸಿರಾಟದ್ದು. ಸಿಟಿಯನ್ನು ಉಸಿರು ಬಿಗಿಹಿಡಿಸಿ ತೆಗೆದು, ಪೆಟ್ ಅನ್ನು ಸಹಜ ಉಸಿರಾಟದಲ್ಲಿ ತೆಗೆದರೆ ವಪೆಯ (ಎದೆ, ಹೊಟ್ಟೆಯ ನಡುವಿನ ಸ್ನಾಯುಪರದೆ) ಅಂಚಿನಲ್ಲಿ ಎರಡೂ ಕೂಡುವುದಿಲ್ಲ, ಅಲ್ಲಿ ಹೊಳಪು ಸುಳ್ಳಾಗಿ ಕಡಿಮೆ ಕಾಣುತ್ತದೆ. ಐಪಿಎಫ್ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಆ ಕೆಳಭಾಗದಲ್ಲೇ. ಸಿಟಿಯನ್ನೂ ಮೆಲ್ಲಗೆ ಉಸಿರಾಡುತ್ತಿರುವಾಗಲೇ ತೆಗೆಯಲು ಕೇಳಿ.

ತಯಾರಿ ಕಷ್ಟದ್ದಲ್ಲ. 6 ಗಂಟೆ ಉಪವಾಸ, ನೀರು ಕುಡಿಯಬಹುದು. ರಕ್ತದ ಸಕ್ಕರೆ 200 ಮಿ.ಗ್ರಾಂ ಒಳಗಿರಲಿ, ಸಕ್ಕರೆ ಕಾಯಿಲೆಯಿದ್ದರೆ ಇನ್ಸುಲಿನ್ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ಇಂಜೆಕ್ಷನ್ ಆಗಿ ಸುಮಾರು 60 ನಿಮಿಷಕ್ಕೆ ಸ್ಕ್ಯಾನ್. ಮುಂದಿನ ಸಲವೂ ಅಷ್ಟೇ ಅಂತರ ಇರಬೇಕು, 90 ನಿಮಿಷಕ್ಕೆ ತೆಗೆದದ್ದರ ಜೊತೆ ಹೋಲಿಸಬಾರದು. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಅದು ಹೊಳಪನ್ನು ತಗ್ಗಿಸುತ್ತದೆ.

ಕಲೆಯನ್ನೇ ಹುಡುಕುವ ವಸ್ತುಗಳೂ ಬಂದಿವೆ. ಗ್ಯಾಲಿಯಂ-68 ಸೇರಿಸಿದ ಎಫ್‌ಎಪಿಐ, ಚುರುಕಾಗಿರುವ ಫೈಬ್ರೋಬ್ಲಾಸ್ಟ್‌ಗೆ ಅಂಟುತ್ತದೆ. ಸಿಬಿಪಿ8 ಅಂಟುವುದು ಕಲೆಯಲ್ಲಿನ ನಾರಿನಂಥ ಪ್ರೋಟೀನ್ ಆದ ಟೈಪ್-1 ಕೊಲಾಜೆನ್‌ಗೆ. ಶ್ವಾಸಕೋಶದ ಮಟ್ಟಿಗೆ ಇವೆರಡೂ ಇನ್ನೂ ಹೆಚ್ಚಾಗಿ ಸಂಶೋಧನೆಯಲ್ಲೇ ಇವೆ. ಎಫ್‌ಎಪಿಐ ತೋರಿಸುವುದು ಈಗ ಕಟ್ಟುತ್ತಿರುವ ಕಲೆ; ಜೀವಕೋಶ ವಿರಳವಾದ ಹಳೆಯ ಕಲೆ ಅದರಲ್ಲಿ ಮಂಕಾಗಿಯೇ ಇರಬಹುದು.

ಕಾಯಿಲೆ ಮುಂದುವರಿಯುತ್ತಿದೆಯೇ ಎಂಬುದಷ್ಟೇ ನಿಮ್ಮ ಆತಂಕವಾದರೆ, ಕೆಲವು ತಿಂಗಳಿಗೊಮ್ಮೆ ಎಫ್‌ವಿಸಿ (ಒಂದೇ ಉಸಿರಿಗೆ ಹೊರಹಾಕಬಲ್ಲ ಗಾಳಿಯ ಅಳತೆ), ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವುದರ ಅಳತೆ) ಮಾಡಿಸಿ, ಹಳೆಯ ಎಚ್‌ಆರ್‌ಸಿಟಿಯನ್ನು ಹೊಸದರ ಪಕ್ಕ ಇಟ್ಟು ನೋಡಲು ವೈದ್ಯರನ್ನು ಕೇಳಿ. ಪೆಟ್ ಬರೆದುಕೊಟ್ಟರೆ, ಅದರಿಂದ ಯಾವ ಔಷಧಿ ಬದಲಾಗಬಹುದು ಎಂದು ಮೊದಲೇ ಕೇಳಿಕೊಳ್ಳಿ.