ಮೇಲಿನ ಕೋಣೆಗೆ ವೈಫೈ ಬರುತ್ತಿಲ್ಲ. ಎರಡೂವರೆ ಸಾವಿರದೊಳಗೆ ಯಾವ ರೂಟರ್ ಕೊಳ್ಳಲಿ?

ನೀವು ಕೊಟ್ಟ ವಿವರ ಇಷ್ಟು: ಶಿವಮೊಗ್ಗದಲ್ಲಿ ಆರ್‌ಸಿಸಿ ಕಟ್ಟಡದ ಎರಡು ಅಂತಸ್ತಿನ ಮನೆ, 150 ಎಂಬಿಪಿಎಸ್ ಫೈಬರ್ ಸಂಪರ್ಕ. ಇಂಟರ್ನೆಟ್ ಕಂಪನಿಯವರು ಕೊಟ್ಟ ವೈಫೈ ಪೆಟ್ಟಿಗೆ ಕೆಳಗಡೆ ಹಾಲ್‌ನಲ್ಲಿ ಟಿವಿಯ ಹಿಂದೆ ಇದೆ, ನಿಮ್ಮ ಕೆಲಸದ ಮೇಜು ಮೇಲಿನ ಹಿಂಬದಿ ಕೋಣೆಯಲ್ಲಿದೆ. ಮೀಟಿಂಗ್ ನಡುವೆ ಮಾತು ಕಡಿದು ಹೋಗುತ್ತದೆ. ಬಜೆಟ್ ಎರಡೂವರೆ ಸಾವಿರ.

ಹೆಸರು ಮೊದಲೇ ಹೇಳಿಬಿಡುತ್ತೇನೆ: ಟಿಪಿ-ಲಿಂಕ್ ಆರ್ಚರ್ ಸಿ6, ಅಥವಾ ಗಿಗಾಬಿಟ್ ಪೋರ್ಟ್ (1000 ಎಂಬಿಪಿಎಸ್ ವರೆಗೆ ಹಾಯಿಸುವ ಕೇಬಲ್ ಕಿಂಡಿ) ಇರುವ ಎಸಿ1200 ದರ್ಜೆಯ ಬೇರೆ ಯಾವುದಾದರೂ ರೂಟರ್. ಜೊತೆಗೆ ಕೆಳಗಿನಿಂದ ಮೇಲಕ್ಕೆ ಒಂದು ಲ್ಯಾನ್ ಕೇಬಲ್. ಕೇಬಲ್ ಎಳೆಯುವ ಮನಸ್ಸಿಲ್ಲದಿದ್ದರೆ ರೂಟರನ್ನೂ ಕೊಳ್ಳಬೇಡಿ. ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ರೂಟರ್ ಮಾರುವುದೂ ಹೊಟ್ಟೆಪಾಡಿನ ಒಂದು ಭಾಗವೇ. ಆದರೂ ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ.

ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪನ್ನು ಕೆಳಗೆ ಒಯ್ದು ಪೆಟ್ಟಿಗೆಗೆ ನೇರವಾಗಿ ಲ್ಯಾನ್ ಕೇಬಲ್ ಚುಚ್ಚಿ ವೇಗ ನೋಡಿ. ಆಮೇಲೆ ಕೇಬಲ್ ತೆಗೆದು, ಅಲ್ಲೇ ಪಕ್ಕದಲ್ಲಿ ಕುಳಿತು ವೈಫೈನಲ್ಲಿ ನೋಡಿ. ಕೊನೆಗೆ ನಿಮ್ಮ ಮೇಜಿನ ಹತ್ತಿರ ನೋಡಿ. ಕೇಬಲ್‌ನಲ್ಲೇ ವೇಗ ಬರದಿದ್ದರೆ ದೋಷ ಲೈನಿನಲ್ಲೋ ಆ ಪೆಟ್ಟಿಗೆಯಲ್ಲೋ ಇರಬೇಕು. ಕಂಪನಿಗೆ ದೂರು ಕೊಡಿ, ಹೊಸ ರೂಟರ್ ತಂದು ಏನೂ ಆಗುವುದಿಲ್ಲ. ಕೇಬಲ್‌ನಲ್ಲಿ ಸರಿಯಾಗಿ ಬಂದು, ಪಕ್ಕದಲ್ಲಿ ಕುಳಿತಾಗಲೂ ವೈಫೈ ನಲವತ್ತು ಐವತ್ತರಲ್ಲೇ ಏದುಸಿರು ಬಿಡುತ್ತಿದ್ದರೆ ಆ ಪೆಟ್ಟಿಗೆಯಲ್ಲಿ ಬಹುಶಃ 2.4 ಗಿಗಾಹರ್ಟ್ಸ್ ತರಂಗ ಮಾತ್ರ ಇದೆ, ಹೆಚ್ಚು ವೇಗದ 5 ಗಿಗಾಹರ್ಟ್ಸ್ ಇಲ್ಲ. ಅಗ್ಗದ ಫೈಬರ್ ಪೆಟ್ಟಿಗೆಗಳು ಅನೇಕ ಹಾಗೆಯೇ. ಈ ತರಂಗಾಂತರದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಈ ಮೂರೇ. ಅಕ್ಕಪಕ್ಕದ ಮನೆಯವರ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ನುಗ್ಗಾಡುತ್ತಿರುತ್ತವೆ. ಮೊದಲ ಎರಡು ಕಡೆ ಚೆನ್ನಾಗಿ ಬಂದು ಮೇಜಿನ ಬಳಿ ಮಾತ್ರ ಬಿದ್ದುಹೋದರೆ, ತೊಂದರೆ ದೂರದ್ದು ಮತ್ತು ಕಬ್ಬಿಣದ ಸರಳು ತುಂಬಿದ ಸ್ಲ್ಯಾಬಿನದು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಇದೇ.

ಹಾಗಿದ್ದರೆ ಎಲ್ಲಕ್ಕಿಂತ ಅಗ್ಗದ ಉಪಾಯ ಪೆಟ್ಟಿಗೆಯನ್ನು ಟಿವಿಯ ಹಿಂದಿನಿಂದ ಬಿಡಿಸುವುದು. ಫೈಬರ್ ಹಾಕಲು ಬಂದವರು ತಂತಿ ಮನೆಯೊಳಗೆ ನುಸುಳಿದ ಜಾಗದಲ್ಲೇ ಪೆಟ್ಟಿಗೆ ಕೂರಿಸಿ ಹೋಗುತ್ತಾರೆ, ಅವರಿಗೆ ಮುಂದಿನ ಮನೆಗೆ ಹೋಗುವ ಅವಸರ. ಮೆಟ್ಟಿಲ ಬಳಿ, ಎತ್ತರದಲ್ಲಿ, ಉಕ್ಕಿನ ಬೀರುವಿನಿಂದ ದೂರ ಇಡಿಸಿ. ಫೈಬರನ್ನು ನೀವೇ ಎಳೆದಾಡಬೇಡಿ. ಒಳಗಿರುವುದು ಗಾಜಿನ ಎಳೆ, ಚೂಪಾಗಿ ಮಡಿಸಿದರೆ ಬೆಳಕು ಸೋರುತ್ತದೆ. ಲೈನಿನವರನ್ನು ಕರೆದು ನೂರಿನ್ನೂರು ರೂಪಾಯಿ ಕೈಗಿಟ್ಟರೆ ಸರಿಸಿಕೊಡುತ್ತಾರೆ. ಇಷ್ಟಕ್ಕೇ ಸರಿಹೋಗುವ ಮನೆಗಳು ಕಡಿಮೆ ಇಲ್ಲ.

ಅದಾದರೂ ಸಾಲದಿದ್ದರೆ ರೂಟರ್ ನೋಡೋಣ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿರುವ ಎಸಿ1200 ಎಂಬುದನ್ನು ನೋಡಿ 1200 ಎಂಬಿಪಿಎಸ್ ಸಿಗುತ್ತದೆ ಎಂದುಕೊಳ್ಳಬೇಡಿ. 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867 ಕೂಡಿಸಿ, ಸುತ್ತಿ 1200 ಮಾಡಿದ್ದಾರೆ. ಒಂದು ಮೊಬೈಲ್ ಒಂದು ಸಲಕ್ಕೆ ಹಿಡಿಯುವುದು ಎರಡರಲ್ಲಿ ಒಂದನ್ನು ಮಾತ್ರ, ಕೈಗೆ ದಕ್ಕುವುದು ಅದರ ಅರ್ಧದಷ್ಟು. ನಿಮ್ಮ 150ಕ್ಕೆ ಅದು ಧಾರಾಳವಾಯಿತು. ಆಂಟೆನಾ ನಾಲ್ಕಿವೆಯೋ ಆರಿವೆಯೋ ಎಂದು ಎಣಿಸುತ್ತಾ ನಿಲ್ಲಬೇಡಿ. ಅಂಗಡಿಯ ಗಾಜಿನ ಹಿಂದೆ ಚೆಂದ ಕಾಣಲೆಂದೇ ಬೆಳೆಸಿದ ಕೊಂಬುಗಳು ಬೇಕಾದಷ್ಟಿವೆ.

ನಿಜವಾಗಿ ಓದಬೇಕಾದದ್ದು ಡಬ್ಬದ ಹಿಂಬದಿಯ ಸಣ್ಣ ಅಕ್ಷರ. ಪೋರ್ಟ್‌ಗಳ ಮುಂದೆ 10/100 ಎಂದಷ್ಟೇ ಬರೆದಿದ್ದರೆ ಆ ರೂಟರ್ ತಂತಿಯಿಂದ ಒಳಗೆ ತೆಗೆದುಕೊಳ್ಳುವುದೇ ಹೆಚ್ಚೆಂದರೆ 95 ಎಂಬಿಪಿಎಸ್. ವೈಫೈ 867 ಇದ್ದರೇನು, ಹೆಬ್ಬಾಗಿಲೇ ಕಿರಿದು. ನೀವು ಪ್ರತಿ ತಿಂಗಳೂ 150ಕ್ಕೆ ದುಡ್ಡು ಕಟ್ಟಿ 95 ಉಣ್ಣುತ್ತೀರಿ. 10/100/1000 ಅಥವಾ ಗಿಗಾಬಿಟ್ ಎಂದು ಬರೆದಿರಲೇಬೇಕು. ಆರ್ಚರ್ ಸಿ50 ಮತ್ತು ಸಿ6 ಎರಡರ ಡಬ್ಬದ ಮೇಲೂ ಎಸಿ1200 ಎಂದೇ ಇದೆ. ಸಿ50ರ ಪೋರ್ಟ್‌ಗಳು ನೂರರವು, ಸಿ6ರವು ಗಿಗಾಬಿಟ್. ಬೆಲೆಯಲ್ಲಿನ ಅಂತರಕ್ಕೆ ಇದೂ ಒಂದು ಕಾರಣ. ಕಂಪನಿಯ ಪೆಟ್ಟಿಗೆಯಲ್ಲೂ ಇದೇ ಆಟ ಉಂಟು: ಕೆಲವದರಲ್ಲಿ ಮೊದಲ ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು ನೂರು. ಕೇಬಲ್ ಅದಕ್ಕೇ ಚುಚ್ಚಿ.

ವೈಫೈ 6, ಅಂದರೆ ಎಸಿಯ ನಂತರ ಬಂದ, ಅನೇಕ ಸಾಧನಗಳನ್ನು ಒಟ್ಟಿಗೆ ಚೆನ್ನಾಗಿ ನಿಭಾಯಿಸುವ ಪೀಳಿಗೆ, ಬೇಕೇ ಎಂದೂ ಕೇಳಿದ್ದೀರಿ. ಬಜೆಟ್ಟಿನೊಳಗೆ ಗಿಗಾಬಿಟ್ ಪೋರ್ಟ್ ಸಮೇತ ಸಿಕ್ಕರೆ ಬೇಡ ಎನ್ನಬೇಡಿ. ಅದಕ್ಕಾಗಿ ಸಾವಿರ ಹೆಚ್ಚು ಕೊಡುವಷ್ಟು ಸಾಧನಗಳು ನಿಮ್ಮ ಮನೆಯಲ್ಲಿ ಇದ್ದಂತೆ ಕಾಣುವುದಿಲ್ಲ.

ಸಾವಿರ ರೂಪಾಯಿಯ ರಿಪೀಟರ್ ಚುಚ್ಚಿದರೆ ಸಾಲದೇ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಗ್ಗದ ರಿಪೀಟರ್ ಅದೇ ರೇಡಿಯೋದಲ್ಲಿ ಕೇಳಿ, ಅದೇ ರೇಡಿಯೋದಲ್ಲಿ ಮತ್ತೆ ಹೇಳಬೇಕು. ವೇಗ ಅಲ್ಲಿಗೇ ಅರ್ಧ. ಅದೂ ಸಿಗ್ನಲ್ ಸತ್ತ ಕೋಣೆಯಲ್ಲಿ ಇಟ್ಟರೆ ಪುನಃ ಹೇಳಲು ಅದರ ಬಳಿ ಏನೂ ಇರುವುದಿಲ್ಲ. ಹಾಡು ಕೇಳಲು ಸಾಕು, ಮೀಟಿಂಗ್‌ಗೆ ಬೇಡ.

ಕೇಬಲ್ ವಿಷಯಕ್ಕೆ ಬರೋಣ, ಜನ ಜಿಪುಣತನ ತೋರುವುದು ಇಲ್ಲೇ. ಕ್ಯಾಟ್5ಇ ದರ್ಜೆಯ ಕೇಬಲ್ ಆದರೂ ಗಿಗಾಬಿಟ್ ಅನ್ನು ನೂರು ಮೀಟರ್ ಒಯ್ಯುತ್ತದೆ; ಕ್ಯಾಟ್6 ಸಿಕ್ಕರೆ ಒಳ್ಳೆಯದು. ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ತಂತಿ ಅರ್ಧ ಬೆಲೆಗೆ ಸಿಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಹೊಳೆದರೆ ಅಲ್ಲೇ ಬಿಟ್ಟು ಬನ್ನಿ. ಕೇಬಲ್‌ನಲ್ಲಿ ಎಂಟು ತಂತಿಗಳಿರುತ್ತವೆ, ಗಿಗಾಬಿಟ್‌ಗೆ ಎಂಟೂ ಬೇಕು. ತುದಿಗೆ ಪಿನ್ ಹಾಕುವಾಗ ಒಂದು ಸರಿಯಾಗಿ ಕಚ್ಚದಿದ್ದರೂ ಸಂಪರ್ಕ ಸದ್ದಿಲ್ಲದೆ ನೂರಕ್ಕೆ ಇಳಿಯಬಹುದು. ಇಂಟರ್ನೆಟ್ ನಡೆಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಬೈಗುಳ ಮಾತ್ರ ರೂಟರಿಗೆ. ಹಾಗಾಗಿ ಪಿನ್ ಹಾಕಿದವರು ಹೊರಡುವ ಮೊದಲೇ ಲ್ಯಾಪ್‌ಟಾಪ್ ಚುಚ್ಚಿ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ವೇಗ 1000 ತೋರಿಸುತ್ತಿದೆಯೇ ನೋಡಿ. ಗೋಡೆಯ ಹೊರಗಿನಿಂದ ಎಳೆಯುವುದಾದರೆ ಪಿವಿಸಿ ಪೈಪಿನೊಳಗೆ ಹಾಕಿಸಿ, ಬಿಸಿಲಿಗೆ ಮೇಲಿನ ಹೊದಿಕೆ ಬಿರಿಯುತ್ತದೆ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ಮಾತ್ರ ಬೇಡ.

ಜೋಡಿಸುವುದು ಸುಲಭ. ಹೊಸ ರೂಟರಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿ. ಲಾಗಿನ್, ಪಾಸ್‌ವರ್ಡ್, ಲ್ಯಾಂಡ್‌ಲೈನ್ ಇದ್ದರೆ ಅದು, ಎಲ್ಲವೂ ಕೆಳಗಿನ ಪೆಟ್ಟಿಗೆಯಲ್ಲೇ ಮೊದಲಿದ್ದಂತೆ ನಡೆಯುತ್ತವೆ. ಹೊಸದು ಮೇಲೆ ವೈಫೈ ಬಿತ್ತರಿಸುವ ಕೆಲಸವೊಂದನ್ನೇ ಮಾಡುತ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಮನೆಯವರು ಮೊಬೈಲ್ ಹಿಡಿದು ಮಹಡಿ ಹತ್ತಿ ಇಳಿದರೂ ಸಾಮಾನ್ಯವಾಗಿ ಅದೇ ಬದಲಾಯಿಸಿಕೊಳ್ಳುತ್ತದೆ. 2.4ರಲ್ಲಿ ಕೆಳಗಿನದಕ್ಕೆ ಚಾನೆಲ್ 1, ಮೇಲಿನದಕ್ಕೆ 11 ಕೊಡಿ. ವೈಫೈ ಭದ್ರತೆಗೆ ಡಬ್ಲ್ಯೂಪಿಎ2 ಇಲ್ಲವೇ ಡಬ್ಲ್ಯೂಪಿಎ3 ಇರಲಿ, ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿ ಸೇರಿಸುವ ಸೌಲಭ್ಯ) ಆಫ್ ಮಾಡಿಬಿಡಿ, ರೂಟರ್ ಸೆಟ್ಟಿಂಗ್‌ನ ಪಾಸ್‌ವರ್ಡನ್ನು ಅಡ್ಮಿನ್ ಎಂದೇ ಬಿಡಬೇಡಿ.

ಕರೆಂಟ್ ಹೋದಾಗ ಏನು ಮಾಡುವುದು ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಮನೆಯಲ್ಲಿ ಯುಪಿಎಸ್ ಇದ್ದರೆ ಎರಡೂ ಪೆಟ್ಟಿಗೆಗಳನ್ನು ಅದರ ಸಾಲಿಗೇ ಸೇರಿಸಿ; ಮೇಲಿನದು ಉರಿಯುತ್ತಿದ್ದು ಕೆಳಗಿನದು ಆರಿದರೆ ಪ್ರಯೋಜನವಿಲ್ಲ. ಇಲ್ಲದಿದ್ದರೆ ರೂಟರಿಗೆಂದೇ ಮಾಡಿದ ಪುಟ್ಟ ಯುಪಿಎಸ್ ಸಿಗುತ್ತದೆ. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. 9 ವೋಲ್ಟಿನ ರೂಟರಿಗೆ 12 ವೋಲ್ಟ್ ಚುಚ್ಚಿ ಸುಟ್ಟುಕೊಂಡು ಬರುವವರು ಇದ್ದಾರೆ. ಮುಂಗಾರಿಗೆ ಮೊದಲಿನ ಗುಡುಗಿನ ದಿನಗಳಲ್ಲಿ ಅಡಾಪ್ಟರನ್ನೂ ಆ ಉದ್ದದ ಲ್ಯಾನ್ ಕೇಬಲನ್ನೂ ಕಿತ್ತಿಡಿ.

ಕೊಳ್ಳುವುದು ಆನ್‌ಲೈನ್ ಆಗಲಿ, ಊರಿನ ಅಂಗಡಿಯಾಗಲಿ, ಬೆಂಗಳೂರಿನ ಎಸ್‌ಪಿ ರಸ್ತೆಯಾಗಲಿ, ಬಿಲ್ ಇಟ್ಟುಕೊಳ್ಳಿ. ಅಂಗಡಿಗೆ ಹೋಗುವ ಮೊದಲು ಟಿವಿಯಿಂದ ಮೇಜಿನವರೆಗೆ ಕೇಬಲ್ ಹೋಗುವ ದಾರಿಯಲ್ಲೇ ಒಂದು ಹುರಿ ಹಿಡಿದು ಅಳೆದು, ಅದಕ್ಕೆ ಎರಡು ಮೀಟರ್ ಸೇರಿಸಿ ಹೇಳಿ. ನಡುವೆ ಗಂಟು ಹಾಕಿದ ಕೇಬಲ್ ಬೇಡ.